ಶಾರ್ಡನೇಗೆ ಎಷ್ಟು ಓಕ್ ಬೇಕು? – ನನ್ನ ಅನುಭವ

ವೈನ್ ದ್ರಾಕ್ಷಿಗೆ ನಮ್ಮ ಸಕಲೇಶಪುರದ ಮಳೆ ಆಗಿಬರುವುದಿಲ್ಲ. ಹಾಗಾಗಿ ಫೆಬ್ರವರಿ ಕೊನೆಗೆ, ಕಣದಲ್ಲಿ ಕಾಫಿ ಒಣಗಿ ಮುಗಿಯುವ ಹೊತ್ತಿಗೆ, ಬಯಲುಸೀಮೆಯ ಪರಿಚಯದ ತೋಟದಿಂದ ಬಿಳಿ ವೈನ್ ಮಾಡುವ ಶಾರ್ಡನೇ ದ್ರಾಕ್ಷಿ 60 ಕೆ.ಜಿ. ತರಿಸಿಕೊಳ್ಳುತ್ತೇನೆ. ಮನೆಮಟ್ಟಿಗೆ ಅಷ್ಟು ಸಾಕು. ಹಿಂಡಿದರೆ ಸುಮಾರು 35 ಲೀಟರ್ ರಸ.

ಮೊದಲ ವರ್ಷ ಲೀಟರಿಗೆ 5 ಗ್ರಾಂನಂತೆ ಹುರಿದ ಓಕ್ ಮರದ ಚೂರನ್ನು (ಓಕ್ ಪೀಪಾಯಿಯ ಬದಲಿಗೆ) ಪೂರ್ತಿ ರಸಕ್ಕೇ ಹಾಕಿ ಮೂರು ತಿಂಗಳು ಬಿಟ್ಟೆ. ಅಮ್ಮ ಮೂಸಿ ನೋಡಿ, 'ಕೊಬ್ಬರಿ ಮಿಠಾಯಿ ವಾಸನೆ' ಎಂದರು. ಸರಿಯಾಗಿಯೇ ಹೇಳಿದ್ದರು, ತೆಂಗಿನ ವಾಸನೆ, ವೆನಿಲ್ಲಾ ಎರಡೂ ಓಕ್ ಮರದ್ದೇ. ದ್ರಾಕ್ಷಿಯ ಸುಳಿವೇ ಇರಲಿಲ್ಲ. ಫ್ರಾನ್ಸಿನ ಬರ್ಗಂಡಿ ಮೂಲದ ಈ ಹಣ್ಣು ಸ್ವಭಾವದಲ್ಲಿ ಮೆದು, ಜೊತೆಗಿಟ್ಟದ್ದರ ಗುಣ ಬೇಗ ಹಿಡಿಯುತ್ತದೆ. ಒಳ್ಳೆಯ ಅರೇಬಿಕಾಕ್ಕೆ ಚಿಕೋರಿ ಜಾಸ್ತಿಯಾದರೆ ಲೋಟದಲ್ಲಿ ಉಳಿಯುವುದು ಚಿಕೋರಿಯೇ ತಾನೆ?

ಈಗ ರಸವನ್ನು ರಾತ್ರಿಯಿಡೀ ತಣ್ಣಗಿಟ್ಟು ತಿಳಿ ಮಾತ್ರ ತೆಗೆಯುತ್ತೇನೆ. ರಸದ ಸಕ್ಕರೆಯ ಅಳತೆ, ಅಂದರೆ ಬ್ರಿಕ್ಸ್, 22 ಇದ್ದರೆ ಆಲ್ಕೋಹಾಲ್ ಶೇಕಡಾ 12.5ರ ಆಸುಪಾಸಿಗೆ ಬರುತ್ತದೆ. ಹುದುಗುವಾಗ ಶಾಖ 18 ಡಿಗ್ರಿ ದಾಟಿದರೆ ಹಣ್ಣಿನ ಪರಿಮಳ ಹಾರಿಹೋಗುತ್ತದೆ. ಮಲೆನಾಡಿನ ರಾತ್ರಿ ತಂಪೇ. ಹಗಲಿಗೆ ಕ್ಯಾನಿನ ಸುತ್ತ ಒದ್ದೆ ಗೋಣಿ, ಐಸ್ ಬಾಟಲಿ. ಮೂರು ವಾರ ಇದೇ ಕಾವಲು.

ಹುದುಗು ನಿಂತ ಮೇಲೆ ನಾಲ್ಕನೇ ಒಂದು ಭಾಗವನ್ನಷ್ಟೇ ಗಾಜಿನ ಜಾಡಿಗೆ ತೆಗೆದು, ಲೀಟರಿಗೆ 2 ಗ್ರಾಂನಂತೆ ಹದವಾಗಿ ಸುಟ್ಟ ಫ್ರೆಂಚ್ ಓಕ್ ತುಂಡು ಹಾಕುತ್ತೇನೆ. ಮಾಲೋಲ್ಯಾಕ್ಟಿಕ್‌ಗೆ, ಅಂದರೆ ಬ್ಯಾಕ್ಟೀರಿಯಾ ಮಾಡುವ ಎರಡನೇ ಹುದುಗಿಗೆ, ಬಿಡುವುದೂ ಆ ಭಾಗವನ್ನೇ: ಹಸಿ ಸೇಬಿನ ಹುಳಿ ಮೊಸರಿನ ಹುಳಿಯಾಗುತ್ತದೆ, ಬೆಣ್ಣೆಯ ಘಮ ಹುಟ್ಟುತ್ತದೆ. ನಮ್ಮ ಬಿಸಿಲಿನ ಹಣ್ಣಿಗೆ ಹುಳಿ ಮೊದಲೇ ಕಡಿಮೆ. ಎಲ್ಲವನ್ನೂ ಇದಕ್ಕೇ ಬಿಟ್ಟರೆ ವೈನ್ ಸಪ್ಪೆ. ಅದಕ್ಕೇ ಉಳಿದದ್ದಕ್ಕೆ ಆ ಬ್ಯಾಕ್ಟೀರಿಯಾ ತಡೆಯುವ ಸಲ್ಫೈಟ್ ಪುಡಿ ಹಾಕುತ್ತೇನೆ. ಎರಡರಲ್ಲೂ ತಳಕ್ಕಿಳಿದ ಯೀಸ್ಟಿನ ನಯವಾದ ಗಸಿಯನ್ನು ವಾರಕ್ಕೊಮ್ಮೆ ಮೆಲ್ಲಗೆ ಕಲಕುತ್ತೇನೆ. ಓಕ್‌ಗಿಂತ ಹೆಚ್ಚಾಗಿ ಈ ಗಸಿಯೇ ವೈನಿಗೆ ಮೈ ಕೊಡುವುದು ಎಂಬುದು ನನ್ನ ಗಟ್ಟಿ ನಂಬಿಕೆ.

ಎರಡು ತಿಂಗಳಿಗೆ ಬೆರಕೆ. ಓಕ್ ಹಾಕಿದ ಜಾಡಿಯದ್ದನ್ನು ಉಳಿದದ್ದಕ್ಕೆ ಸ್ವಲ್ಪ ಸ್ವಲ್ಪವೇ ಸೇರಿಸಿ ರುಚಿ ನೋಡುತ್ತೇನೆ. ಓಕ್ ಇದೆ ಎಂದು ನಾಲಿಗೆಗೆ ಗೊತ್ತಾದ ಕ್ಷಣ ಕೈ ತಡೆಯುತ್ತೇನೆ. ಕಳೆದ ಸಲ ಜಾಡಿಯಲ್ಲಿ ಒಂದು ಲೀಟರ್ ಹಾಗೇ ಉಳಿಯಿತು.

ಆಷಾಢದ ಮಳೆಯಲ್ಲಿ ಮೊದಲ ಬಾಟಲಿ ತೆರೆದೆವು, ಖಾರ ತಗ್ಗಿಸಿ ಹುರಿದ ಹೊಳೆಮೀನಿನ ಜೊತೆ. ಫ್ರಿಜ್ಜಿನಿಂದ ತೆಗೆದು ಕಾಲು ಗಂಟೆ ಹೊರಗಿಟ್ಟಿದ್ದೆ. ಬಾಯಿಗೆ ಮೊದಲು ನಿಂಬೆ, ಪೇರ್ ಹಣ್ಣು. ನುಂಗಿದ ಮೇಲೆ, ಎಲ್ಲೋ ಹಿಂದೆ, ತುಪ್ಪದಲ್ಲಿ ಹುರಿದ ಗೋಡಂಬಿ.