ಲೋಣಾರ್ ಗಾಜಿಗೆ ಎರಡು ಮಿಲಿಗ್ರಾಂ ಸಾಕು

ಮಹಾರಾಷ್ಟ್ರದ ಲೋಣಾರ್‌ನಲ್ಲಿ ಉಲ್ಕೆ ಬಿದ್ದು ಬಂಡೆ ಕರಗಿ ಆದ ಗಾಜಲ್ಲಿ ಸ್ಟ್ರಾಂಷಿಯಂ ಐಸೊಟೋಪ್‌ಗಳ ಅನುಪಾತ (87/86) ಅಳೆಯಬೇಕಿತ್ತು. "ಇಷ್ಟು ಚೂರಲ್ಲಿ ಏನು ಸಿಗುತ್ತೆ ಮಾರಾಯ, ಪುಡಿ ಮಾಡಿ ಐವತ್ತು ಮಿಲಿಗ್ರಾಂ ತಗೋ" ಅಂತ ಎಲ್ಲರೂ ಹೇಳಿದ್ದರು. ಲೆಕ್ಕ ಸುಲಭ ಅಲ್ವಾ? ಸ್ಟ್ರಾಂಷಿಯಂ 200 ಪಿಪಿಎಂ (ಹತ್ತು ಲಕ್ಷದಲ್ಲಿ 200 ಪಾಲು) ಆಸುಪಾಸು. ಎರಡು ಮಿಲಿಗ್ರಾಂ ಗಾಜಲ್ಲಿ 400 ನ್ಯಾನೊಗ್ರಾಂ. ಟಿಮ್ಸ್‌ಗೆ (ಐಸೊಟೋಪ್ ಅಳೆಯೋ ಮಾಸ್ ಸ್ಪೆಕ್ಟ್ರೋಮೀಟರ್) ಧಾರಾಳ. ನಿಯೋಡಿಮಿಯಂ ಮಾತ್ರ ಇಷ್ಟರಲ್ಲಿ ಕಷ್ಟ.

ರೂಢಿಯಂತೆ ಪುಡಿ ಮಾಡಿಯೂ ಅಳೆದಿದ್ದೆ. ಒಂದೇ ತುಂಡಿನ ಎರಡು ಪುಡಿ, ಎರಡು ಉತ್ತರ! ಲೋಣಾರ್‌ನಲ್ಲಿ ಉಲ್ಕೆ ಬಿದ್ದಿದ್ದು ಡೆಕ್ಕನ್ ಬಸಾಲ್ಟ್ ಮೇಲೆ. ಅದರಡಿಯ ಆರ್ಕಿಯನ್ (250 ಕೋಟಿ ವರ್ಷಕ್ಕೂ ಹಳೆಯ) ಶಿಲೆಯೂ ಕರಗಿ ಸೇರಿದೆ ಅಂತ ಅಲ್ಲಿನ ಬ್ರೆಕಿಯಾ (ಒಡೆದ ತುಂಡುಗಳು ಬೆಸೆದ ಶಿಲೆ) ಅಳೆದವರು 2006ರಲ್ಲಿ ವಾದಿಸಿದ್ದರು. ಅಂಥ ಹಳೆಯ ಶಿಲೆಯಲ್ಲಿ ಅನುಪಾತ ಜಾಸ್ತಿ; ನನ್ನ ಪುಡಿಯ ಹೆಚ್ಚಿದ ಅನುಪಾತ ನೋಡಿ ಒಬ್ಬರು "ಅದೇ ಇದು" ಅಂದೇಬಿಟ್ಟರು. ನನಗೆ ಅನುಮಾನ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕಪ್ಪು ಗಾಜಿನ ತುಂಬ ಗುಳ್ಳೆ, ಗುಳ್ಳೆಯೊಳಗೆ ತೆಳ್ಳಗೆ ಬಿಳಿ ಸುಣ್ಣ, ಬಿರುಕಲ್ಲಿ ಕಂದು ಜೇಡಿ. ಅಷ್ಟೂ ಪುಡಿಯಲ್ಲಿ ಸೇರುತ್ತಿತ್ತು.

ಹಾಗಾಗಿ ಪುಡಿ ಬಿಟ್ಟೆ. ಗುಳ್ಳೆಯಿಲ್ಲದ, ಅಂಚು ಮಿಂಚುವ ಚೂರುಗಳನ್ನು ಚಿಮಟದಲ್ಲಿ ಹೆಕ್ಕಿದೆ. ನಂತರ ತೆಳು ಅಸಿಟಿಕ್ ಆಮ್ಲದಲ್ಲಿ ತೊಳೆತ, ಆಮೇಲೆ ತೆಳು ಹೈಡ್ರೋಕ್ಲೋರಿಕ್. ಎಷ್ಟು ಹೊತ್ತು, ಎಷ್ಟು ಬಿಸಿ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಮಾದರಿ ಕಾಯಿಸೋ ಫಿಲಮೆಂಟ್ ಮೇಲೆ ಟ್ಯಾಂಟಲಮ್ ಎಷ್ಟು ಅನ್ನೋದೂ ಅಷ್ಟೇ. ತೊಳೆದ ನೀರನ್ನು ಚೆಲ್ಲದೆ ಅಳೆದಿದ್ದೇ ಗೆದ್ದಿದ್ದು: ಅನುಪಾತ ಜಾಸ್ತಿ ಇದ್ದಿದ್ದು ಆ ನೀರಲ್ಲಿ. ಉಳಿದ ಗಾಜು ಪಕ್ಕದ ಬಸಾಲ್ಟ್ ಜೊತೆ ನಾಲ್ಕನೇ ದಶಾಂಶದವರೆಗೂ ಹೊಂದಿತು. ಎನ್‌ಬಿಎಸ್ 987 (ಉಪಕರಣ ಸರಿಯಿದೆಯಾ ನೋಡೋಕೆ ಅಳೆಯೋ, ಅನುಪಾತ ಗೊತ್ತಿರೋ ಮಾದರಿ) ಆ ವಾರವೆಲ್ಲ 0.71025 ಬಿಟ್ಟು ಅಲುಗಲಿಲ್ಲ. ಪುಡಿ ಅಂದವರು ಈಗ ಚಿಮಟದ ಬ್ರ್ಯಾಂಡ್ ಕೇಳ್ತಾರೆ. ನನ್ನ ಚೂರುಗಳ ಮಟ್ಟಿಗೆ ಇದು. ಅವರ ಬ್ರೆಕಿಯಾ ಕಥೆ ಬೇರೆ ಇರಬಹುದು.

ದುಡ್ಡು ಹೋಗಿದ್ದು ಸ್ಟ್ರಾಂಷಿಯಂ ಬೇರ್ಪಡಿಸೋ ರೆಸಿನ್‌ಗೆ. ಚಿಕ್ಕ ಬಾಟಲಿಗೇ ಹತ್ತಾರು ಸಾವಿರ. ಚಿಕ್ಕ ಕಾಲಂ ಮಾಡಿಕೊಂಡಿದ್ದರಿಂದ ಮೂರನೇ ಒಂದು ಭಾಗದಲ್ಲಿ ಮುಗಿಯಿತು, ಬ್ಲ್ಯಾಂಕೂ (ಹೊರಗಿನಿಂದ ಸೇರೋ ಸ್ಟ್ರಾಂಷಿಯಂ) ಇಳಿಯಿತು. ಹಾಗೇ ಸುಮ್ನೆ ಆನ್‌ಲೈನ್‌ನಲ್ಲಿ ಒಂದು 'ಮೋಲ್ಡವೈಟ್' (ಯೂರೋಪಿನ ಹಸಿರು ಉಲ್ಕಾಘಾತದ ಗಾಜು) ತರಿಸಿದ್ದೆ. ಸೋಡಿಯಂ ಅಷ್ಟೊಂದು ಇರೋದು ನೋಡಿದ ತಕ್ಷಣ ಗೊತ್ತಾಯಿತು, ಹಸಿರು ಬಾಟಲಿ ಗಾಜು. ಐಸೊಟೋಪ್‌ವರೆಗೂ ಹೋಗಲೇ ಇಲ್ಲ.

ಬಿದ್ದ ಕಲ್ಲು ಯಾವುದು ಅಂತ ಸ್ಟ್ರಾಂಷಿಯಂ ಹೇಳಲ್ಲ. ಅದಕ್ಕೆ ಕ್ರೋಮಿಯಂ, ಆಸ್ಮಿಯಂ ಬೇಕು. ಬಸಾಲ್ಟಲ್ಲೇ ಕ್ರೋಮಿಯಂ ಇರೋದರಿಂದ ನನ್ನ ಒಲವು ಆಸ್ಮಿಯಂ ಕಡೆಗೆ. ಆದರೆ ಅದಕ್ಕೆ ಗ್ರಾಂ ಲೆಕ್ಕದಲ್ಲಿ ಶುದ್ಧ ಚೂರು ಹೆಕ್ಕಬೇಕು. ತಾಳ್ಮೆ ಇರೋ ವಿದ್ಯಾರ್ಥಿ ಸಿಕ್ಕರೆ ಮುಂದಿನ ಚಳಿಗಾಲಕ್ಕೆ ನೋಡೋಣ.