ಕಾರಿಲ್ಲದ ದಾರಿಯಲ್ಲಿ 240 ಕಿ.ಮೀ.: ನದಿ ಪಕ್ಕದ ಸೈಕಲ್ ಪ್ರವಾಸ ಹೀಗೆ ಮಾಡಿ

ಅಮೆರಿಕದ ಪಿಟ್ಸ್‌ಬರ್ಗಿಗೆ ಬರುವ ಕನ್ನಡದವರಲ್ಲಿ ಜಾಸ್ತಿ ಜನ ವೆಂಕಟೇಶ್ವರ ದೇವಸ್ಥಾನಕ್ಕೆ ಬರುತ್ತಾರೆ. 1976ರಿಂದ ಇರುವ ಗುಡಿ. ದರ್ಶನ ಮಾಡಿ, ಪುಳಿಯೋಗರೆ ತಿಂದು, ಸಂಜೆಯೇ ಕಾರು ಹತ್ತುತ್ತಾರೆ. ಅದೇ ಊರಿನ ನದಿ ದಂಡೆಯಲ್ಲಿ ಒಂದು ಸೈಕಲ್ ದಾರಿ ಶುರುವಾಗಿ, ಬೆಟ್ಟ ದಾಟಿ, ಮೇರಿಲ್ಯಾಂಡ್ ರಾಜ್ಯದ ಕಂಬರ್ಲೆಂಡ್ ತನಕ 150 ಮೈಲಿ ಹೋಗುತ್ತದೆ ಎಂಬುದು ತುಂಬಾ ಜನಕ್ಕೆ ಗೊತ್ತಿಲ್ಲ. ಹೆಸರು ಗ್ರೇಟ್ ಅಲೆಗೇನಿ ಪ್ಯಾಸೇಜ್. ಕಾರು, ಬೈಕು, ಲಾರಿ ಯಾವುದಕ್ಕೂ ಇಲ್ಲಿ ಪ್ರವೇಶವಿಲ್ಲ. ಟಿಕೆಟ್ಟೂ ಇಲ್ಲ.

ಬೇಸಿಗೆಯಲ್ಲಿ ಮಕ್ಕಳ ಮನೆಗೆ ಬರುವ ಅಪ್ಪ ಅಮ್ಮಂದಿರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ನನ್ನ ಅಪ್ಪ 67ನೇ ವಯಸ್ಸಿನಲ್ಲಿ ಈ ದಾರಿ ತುಳಿದರು. ಸಕಲೇಶಪುರದ ಕಡೆಯವರು. ಹೈಸ್ಕೂಲಿಗೆ ಸೈಕಲ್ಲಲ್ಲೇ ಹೋಗಿ ಬರುತ್ತಿದ್ದವರು, ಆಮೇಲೆ ನಲವತ್ತು ವರ್ಷ ಸೈಕಲ್ ಮುಟ್ಟಿರಲಿಲ್ಲ. ಅವರಿಗೆ ಆಗಿದ್ದು ನಿಮಗೂ ಆಗುತ್ತದೆ.

ಮೊದಲು ಏರಿನ ಲೆಕ್ಕ

ಬೆಟ್ಟದ ದಾರಿ ಅಂದಕೂಡಲೇ ಹೆದರಬೇಡಿ. ಇದು ಹಳೇ ರೈಲು ದಾರಿ. ರೈಲು ನಿಂತುಹೋದ ಮೇಲೆ ಹಳಿ ಕಿತ್ತು, ಸುಣ್ಣದ ಕಲ್ಲನ್ನು ಪುಡಿ ಮಾಡಿ ಹಾಸಿದ್ದಾರೆ. ಮೊದಲ ತುಂಡು 1986ರಲ್ಲಿ ಒಹಾಯೊಪೈಲ್ ಎಂಬ ಊರಿನ ಹತ್ತಿರ ತೆರೆಯಿತು. ಪೂರ್ತಿ ದಾರಿ ಸೇರಿಕೊಂಡಿದ್ದು 2013ರಲ್ಲಿ. ಕಲ್ಲಿದ್ದಲು ತುಂಬಿದ ಗಾಡಿ ಎಳೆಯುವ ಇಂಜಿನ್ನಿಗೆ ಕಡಿದಾದ ಏರು ಆಗಿಬರುವುದಿಲ್ಲ. ಹಾಗಾಗಿ ಕಣಿವೆಯ ಉದ್ದಕ್ಕೂ, ನದಿ ತಿರುಗಿದ ಕಡೆ ತಾನೂ ತಿರುಗಿಕೊಂಡು, ನಿಧಾನವಾಗಿ ಮೇಲೇರುವ ಹಾಗೆ ಕಟ್ಟಿದ್ದಾರೆ. ಪಿಟ್ಸ್‌ಬರ್ಗ್ ಕಡೆಯಿಂದ ಹೊರಟರೆ ಸರಾಸರಿ 400 ಅಡಿ ದೂರಕ್ಕೆ ಒಂದಡಿ ಏರು, ಅಷ್ಟೇ. ಕಣ್ಣಿಗೆ ಕಾಣುವುದೇ ಇಲ್ಲ. "ಏರು ಎಲ್ಲಮ್ಮ ಇದೆ?" ಎಂದು ಅಪ್ಪ ಎರಡು ದಿನ ಕೇಳುತ್ತಲೇ ಇದ್ದರು.

ತುತ್ತತುದಿ 2,392 ಅಡಿ ಎತ್ತರದಲ್ಲಿದೆ. ಅಲ್ಲಿಂದ ಕಂಬರ್ಲೆಂಡಿಗೆ 24 ಮೈಲಿ ಇಳಿಜಾರು. ಆ ಕಡೆ 70 ಅಡಿಗೆ ಒಂದಡಿ ಇಳಿಯುತ್ತದೆ. ಮೊದಲ ಸಲ ಹೋಗುವವರು ಪಿಟ್ಸ್‌ಬರ್ಗಿನಿಂದ ಹೊರಟು ಕಂಬರ್ಲೆಂಡಿನಲ್ಲಿ ಮುಗಿಸುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಉಲ್ಟಾ ಹೊರಟರೆ ಮೊದಲ ದಿನವೇ ಆ 24 ಮೈಲಿ ಏರಬೇಕು.

ಒಂದು ದಿನದ ಪರೀಕ್ಷೆ

ನೇರ 240 ಕಿ.ಮೀ.ಗೆ ಇಳಿಯಬೇಡಿ. ಒಂದು ಶನಿವಾರ ಒಹಾಯೊಪೈಲಿಗೆ ಹೋಗಿ. ಅಲ್ಲಿ ಬಾಡಿಗೆ ಸೈಕಲ್ ಸಿಗುತ್ತದೆ. ಅಲ್ಲಿಂದ ಕಾನ್‌ಫ್ಲುಯೆನ್ಸ್ ಎಂಬ ಪುಟ್ಟ ಊರಿಗೆ ಸುಮಾರು 17 ಕಿ.ಮೀ. ಹೋಗುವಾಗ ನದಿಗೆ ಎದುರು ದಿಕ್ಕು, ಅಂದರೆ ಚೂರು ಏರು. ವಾಪಸ್ ಬರುವಾಗ, ಕಾಲು ಸೋತ ಹೊತ್ತಿಗೆ, ಚೂರು ಇಳಿಜಾರು. ಈ ಕ್ರಮ ತಪ್ಪಿಸಬೇಡಿ.

ನದಿಯ ಹೆಸರು ಯಾಕಗೇನಿ. ಅಲ್ಲಿಯವರು ಪ್ರೀತಿಯಿಂದ ಸುಮ್ನೆ 'ಯಾಕ್' ಅನ್ನುತ್ತಾರೆ. ಈ 17 ಕಿ.ಮೀ.ನಲ್ಲಿ ನದಿ ಪಕ್ಕದಲ್ಲೇ ಇರುತ್ತದೆ. ಒಂದು ಕಡೆ ಬಂಡೆ, ಮರ, ಅದರ ಬೇರಿನಿಂದ ತೊಟ್ಟಿಕ್ಕುವ ನೀರು. ಇನ್ನೊಂದು ಕಡೆ ಕಲ್ಲಿನ ಮೇಲೆ ಹಾರಿ ಹೋಗುವ ಹೊಳೆ. ಟಯರಿನ ಕೆಳಗೆ ಜಲ್ಲಿಪುಡಿ ಕರಕರ ಅನ್ನುವುದು ಕೇಳಿಸುತ್ತದೆ. ಹಿಂದೆ ಹಾರ್ನ್ ಇಲ್ಲ. ಅಪ್ಪ ಮೊದಲ ಅರ್ಧ ಗಂಟೆ ಆಗಾಗ ತಿರುಗಿ ನೋಡುತ್ತಿದ್ದರು, ಗಾಡಿ ಬಂತೇನೋ ಅಂತ. ಆಮೇಲೆ ಬಿಟ್ಟರು. ಹೆಗಲು ಕೆಳಗಿಳಿದಿದ್ದು ಹಿಂದಿನಿಂದ ನನಗೆ ಕಾಣುತ್ತಿತ್ತು.

ಈ ಪರೀಕ್ಷೆಗೆ ಮೊದಲು ಒಂದು ತಿಂಗಳು, ವಾರಕ್ಕೆ ಮೂರು ದಿನ, 10ರಿಂದ 15 ಕಿ.ಮೀ. ಮನೆ ಹತ್ತಿರ ತುಳಿದಿರಬೇಕು. ಕಾಲಿಗಿಂತ ಕೂರುವ ಜಾಗಕ್ಕೆ ಅಭ್ಯಾಸ ಬೇಕು. ಮಂಡಿ ನೋವು, ಹೃದಯದ ತೊಂದರೆ ಇದ್ದವರು ಡಾಕ್ಟರನ್ನು ಕೇಳಿಯೇ ಹೊರಡಿ. ಊರಿನಿಂದ ಬಂದವರ ವಿಮೆಯಲ್ಲಿ ಸೈಕಲ್ಲಿನಿಂದ ಬಿದ್ದದ್ದು ಸೇರುತ್ತದಾ ಎಂದೂ ನೋಡಿಕೊಳ್ಳಿ.

ಸೈಕಲ್ ಯಾವುದು?

ದುಬಾರಿ ಸೈಕಲ್ ಬೇಕಿಲ್ಲ. ಟಯರ್ 35ರಿಂದ 45 ಮಿ.ಮೀ. ಅಗಲ ಇರಲಿ. ಗಾಳಿ ಗಟ್ಟಿಯಾಗಿ ತುಂಬಿದರೆ ಸಣ್ಣ ಕಲ್ಲೂ ಕೈಗೆ ಹೊಡೆಯುತ್ತದೆ. ಟಯರಿನ ಬದಿಯಲ್ಲಿ ಬರೆದಿರುವ ಕನಿಷ್ಠ ಒತ್ತಡಕ್ಕಿಂತ ಸ್ವಲ್ಪ ಮೇಲೆ ಇಡಿ. ಹೆಬ್ಬೆರಳಲ್ಲಿ ಒತ್ತಿದರೆ ಚೂರು ಒಳಗೆ ಹೋಗಬೇಕು.

ಸೀಟಿನ ಎತ್ತರ ಹೀಗೆ ನೋಡಿ: ಗೋಡೆ ಹಿಡಿದು ಕೂತು, ಹಿಮ್ಮಡಿಯನ್ನು ಕೆಳಗಿನ ಪೆಡಲ್ ಮೇಲಿಡಿ. ಕಾಲು ನೆಟ್ಟಗಾದರೆ ಎತ್ತರ ಸರಿ. ನಮ್ಮವರು ಎರಡೂ ಕಾಲು ನೆಲಕ್ಕೆ ತಾಗಲಿ ಅಂತ ಸೀಟು ಇಳಿಸಿಬಿಡುತ್ತಾರೆ. 20 ಕಿ.ಮೀ. ಆಗುವಷ್ಟರಲ್ಲಿ ಮಂಡಿ ಹಿಡಿದುಕೊಳ್ಳುತ್ತದೆ.

ಮಡ್‌ಗಾರ್ಡ್ ಹಾಕಿಸಿ. ಮಳೆ ಬಂದರೆ ಈ ಪುಡಿ ತೆಳು ಗಾರೆಯ ಹಾಗಾಗಿ ಬೆನ್ನಿಗೂ ಚೈನಿಗೂ ಮೆತ್ತಿಕೊಳ್ಳುತ್ತದೆ. ಎಣ್ಣೆಯ ಸಣ್ಣ ಶೀಶೆ, ಹಳೇ ಬಟ್ಟೆ, ಎರಡು ಟ್ಯೂಬ್, ಪಂಪು ಜೊತೆಗಿರಲಿ. ಪಂಕ್ಚರ್ ಅಂಗಡಿ ದಾರಿಬದಿಯಲ್ಲಿ ಇರುವುದಿಲ್ಲ. ಟ್ಯೂಬ್ ಬದಲಿಸುವುದನ್ನು ಮನೆಯಲ್ಲೇ ಎರಡು ಸಲ ಮಾಡಿ ಕಲಿಯಿರಿ. ಹೋದ ವರ್ಷ ಬಾಡಿಗೆಗೆ ತಂದ ಸೈಕಲ್ಲಿನ ಬ್ರೇಕು ನೋಡದೆ ಹೊರಟು, ಮಧ್ಯಾಹ್ನ ಪೂರ್ತಿ ತಳ್ಳಿಕೊಂಡು ನಡೆದೆ. ಅಂಗಡಿ ಬಿಡುವ ಮುಂಚೆ ಎರಡೂ ಬ್ರೇಕು ಒತ್ತಿ ನೋಡಿ.

ಐದು ದಿನದ ಹಂಚಿಕೆ

ದಿನಕ್ಕೆ 100 ಕಿ.ಮೀ. ಹೊಡೆದು ಮುಗಿಸುವವರೂ ಇದ್ದಾರೆ. ನನಗೆ ಅದು ಬೇಡ ಅನ್ನಿಸುತ್ತದೆ. ನೋಡುವುದಕ್ಕೆ ಅಲ್ವಾ ಹೋಗುವುದು? ನಾವು ಹೀಗೆ ಮಾಡಿದೆವು. ಮೊದಲ ದಿನ ಪಿಟ್ಸ್‌ಬರ್ಗಿನಿಂದ ವೆಸ್ಟ್ ನ್ಯೂಟನ್, 58 ಕಿ.ಮೀ. ಎರಡನೇ ದಿನ ಒಹಾಯೊಪೈಲ್, 68. ಅದೇ ಉದ್ದದ ದಿನ, ಬೆಳಿಗ್ಗೆ ಬೇಗ ಹೊರಡಿ. ಮೂರನೇ ದಿನ ರಾಕ್‌ವುಡ್, 45. ನಾಲ್ಕನೇ ದಿನ ಫ್ರಾಸ್ಟ್‌ಬರ್ಗ್, ಮತ್ತೆ 45. ಕೊನೆಯ ದಿನ ಕಂಬರ್ಲೆಂಡ್, ಬರೀ 25. ಮೈಲಿ ಕಂಬಗಳು ಕಂಬರ್ಲೆಂಡಿನಲ್ಲಿ ಸೊನ್ನೆಯಿಂದ ಶುರುವಾಗುತ್ತವೆ. ಹಾಗಾಗಿ ನಿಮಗೆ ಅಂಕಿ ಇಳಿಯುತ್ತಾ ಬರುತ್ತದೆ.

ಮೇ ತಿಂಗಳಿಂದ ಅಕ್ಟೋಬರ್ ಒಳ್ಳೆಯ ಕಾಲ. ಅಕ್ಟೋಬರಿನಲ್ಲಿ ಎಲೆಗಳು ಬಣ್ಣ ತಿರುಗುವಾಗ ರೂಮು ಸಿಗುವುದು ಕಷ್ಟ. ವಾರದ ನಡುವಿನ ದಿನ ಹಿಡಿದು ಮೊದಲೇ ಬುಕ್ ಮಾಡಿ. ಚಳಿಗಾಲದಲ್ಲಿ ಬಿಗ್ ಸ್ಯಾವೇಜ್ ಸುರಂಗದ ಬಾಗಿಲು ಮುಚ್ಚಿರುತ್ತಾರೆ.

ಸಸ್ಯಾಹಾರಿಗಳಿಗೆ ಸಣ್ಣ ಊರುಗಳಲ್ಲಿ ಪಿಜ್ಜಾ, ಪ್ಯಾನ್‌ಕೇಕ್, ಚೀಸ್ ಸ್ಯಾಂಡ್‌ವಿಚ್ ಬಿಟ್ಟರೆ ಜಾಸ್ತಿ ಸಿಗುವುದಿಲ್ಲ. ನಾವು ಚಪಾತಿ, ಚಟ್ನಿಪುಡಿ, ಹುರಿಗಡಲೆ, ಕಡಲೆಬೀಜದ ಚಿಕ್ಕಿ ಕಟ್ಟಿಕೊಂಡಿದ್ದೆವು. ಗಂಟೆಗೊಂದು ತುಂಡು ಚಿಕ್ಕಿ ತಿಂದರೆ ಸುಸ್ತು ಹತ್ತಿರ ಬರುವುದಿಲ್ಲ. ಎರಡು ನೀರಿನ ಬಾಟಲಿ, ಒಂದರಲ್ಲಿ ಉಪ್ಪು ಸಕ್ಕರೆ ಹಾಕಿದ ನಿಂಬೆ ಶರಬತ್ತು. ತೊರೆ ನೀರು ಕುಡಿಯಬೇಡಿ. ಹಳೇ ಕಲ್ಲಿದ್ದಲು ಗಣಿಗಳಿಂದ ಜಿನುಗುವ ನೀರು ಕೆಲವು ಕಡೆ ಬಂಡೆಯನ್ನೇ ಕೆಂಪು ಮಾಡಿದೆ. ಅದು ಕಬ್ಬಿಣದ ಬಣ್ಣ.

ದಾರಿಯಲ್ಲಿ

ಬಲಗಡೆ ಹೋಗಿ. ನಮ್ಮ ಕೈ ತಾನಾಗಿ ಎಡಕ್ಕೆ ಎಳೆಯುತ್ತದೆ, ಎಚ್ಚರ. ಮುಂದಿನವರನ್ನು ದಾಟುವಾಗ ಬೆಲ್ ಮಾಡಿ, 'ಆನ್ ಯುವರ್ ಲೆಫ್ಟ್' ಎಂದು ಹೇಳಿ ಎಡದಿಂದ ದಾಟಿ. ಅಲ್ಲಲ್ಲಿ ಊರ ರಸ್ತೆ ಅಡ್ಡ ಬರುತ್ತದೆ. ಅಲ್ಲಿ ನಿಂತು, ನೋಡಿ, ದಾಟಿ. ಕಾಡಿನ ಭಾಗದಲ್ಲಿ ಫೋನಿಗೆ ಸಿಗ್ನಲ್ ಇರುವುದಿಲ್ಲ, ನಕ್ಷೆ ಮೊದಲೇ ಇಳಿಸಿಕೊಳ್ಳಿ. ಹುಲ್ಲಿನಲ್ಲಿ ಕೂತು ಎದ್ದರೆ ರಾತ್ರಿ ಕಾಲು ಪರೀಕ್ಷಿಸಿ. ಇಲ್ಲಿನ ಉಣ್ಣಿ ಕಚ್ಚಿದರೆ ಲೈಮ್ ಕಾಯಿಲೆ ಬರಬಹುದು.

ನಾಲ್ಕನೇ ದಿನಕ್ಕೆ ಸಮಯ ಇಟ್ಟುಕೊಳ್ಳಿ. ಮೈಯರ್ಸ್‌ಡೇಲ್ ಹತ್ತಿರ ಸ್ಯಾಲಿಸ್‌ಬರಿ ಸೇತುವೆ ಇದೆ. 1,908 ಅಡಿ ಉದ್ದ. ಕೆಳಗೆ ಕ್ಯಾಸಲ್‌ಮನ್ ನದಿ, ಹೊಲ, ಹೆದ್ದಾರಿ. ಲಾರಿಗಳು ಆಟದ ಸಾಮಾನಿನ ಹಾಗೆ ಓಡುತ್ತವೆ, ಸದ್ದು ಮೇಲಕ್ಕೆ ಬರುವಷ್ಟರಲ್ಲಿ ತೆಳುವಾಗಿರುತ್ತದೆ. ಅಲ್ಲಿಂದ ಮುಂದೆ ತುತ್ತತುದಿ. ಒಂದು ರಸ್ತೆ ಕೆಳಗಿನ ಸಣ್ಣ ದಾಟುದಾರಿ, ಗೋಡೆಯ ಮೇಲೆ ಇಡೀ ದಾರಿಯ ಏರಿಳಿತದ ಚಿತ್ರ. ಇಲ್ಲಿ ಪಶ್ಚಿಮಕ್ಕೆ ಬಿದ್ದ ಮಳೆ ಮಿಸಿಸಿಪ್ಪಿ ಸೇರಿ ಮೆಕ್ಸಿಕೊ ಕೊಲ್ಲಿಗೆ ಹೋಗುತ್ತದೆ. ಪೂರ್ವಕ್ಕೆ ಬಿದ್ದದ್ದು ಪೊಟೋಮ್ಯಾಕ್ ನದಿ ಹಿಡಿದು ಅಟ್ಲಾಂಟಿಕ್ಕಿಗೆ.

ಅಪ್ಪ ಸೈಕಲ್ ಗೋಡೆಗೆ ಒರಗಿಸಿ, ಹೆಲ್ಮೆಟ್ ತೆಗೆದು, ಆ ಚಿತ್ರವನ್ನು ಬೆರಳಲ್ಲಿ ಸವರಿಕೊಂಡು ನಿಂತರು. "ನಮ್ಮ ಮಂಕನಹಳ್ಳಿ ಕಲ್ಲು ಇದ್ದಂಗೆ" ಅಂದರು. ಬಿಸಿಲೆ ಕಡೆಯ ಆ 'ರಿಡ್ಜ್' ಕಲ್ಲು ನೋಡಿದವರಿಗೆ ಗೊತ್ತು. ಒಂದು ಪಕ್ಕದ ನೀರು ಬಂಗಾಳ ಕೊಲ್ಲಿಗೆ, ಇನ್ನೊಂದು ಪಕ್ಕದ್ದು ಅರಬ್ಬೀ ಸಮುದ್ರಕ್ಕೆ. ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಅರ್ಧ ಆ ಕಡೆ, ಅರ್ಧ ಈ ಕಡೆ ಚೆಲ್ಲಿದರು.

ಸ್ವಲ್ಪ ಮುಂದೆ ಬಿಗ್ ಸ್ಯಾವೇಜ್ ಸುರಂಗ, ಹತ್ತಿರಹತ್ತಿರ ಒಂದು ಕಿ.ಮೀ. ದೀಪಗಳಿವೆ, ಆದರೂ ನಿಮ್ಮ ದೀಪ ಹಚ್ಚಿ. ಒಳಗೆ ಜೂನ್‌ನಲ್ಲೂ ಚಳಿ. ಬಾಯಿ ಹತ್ತಿರವೇ ಜಾಕೆಟ್ ಹಾಕಿಕೊಳ್ಳಿ. ಹೊರಬಂದ ಕೂಡಲೇ ಎದುರಿಗೆ ಮೇರಿಲ್ಯಾಂಡಿನ ಬೆಟ್ಟಗಳು ಸಾಲಾಗಿ ತೆರೆದುಕೊಳ್ಳುತ್ತವೆ. ನಿಲ್ಲದೆ ಹೋಗಬೇಡಿ.

ಇಳಿಜಾರಿನಲ್ಲಿ ಪೆಡಲ್ ತುಳಿಯದೆಯೇ ಸೈಕಲ್ ಓಡುತ್ತದೆ. ಜಲ್ಲಿಪುಡಿಯ ಮೇಲೆ ಮುಂದಿನ ಬ್ರೇಕನ್ನು ಒಂದೇ ಸಲ ಒತ್ತಿದರೆ ಚಕ್ರ ಜಾರುತ್ತದೆ. ಎರಡನ್ನೂ ಬಿಟ್ಟುಬಿಟ್ಟು ಒತ್ತಿ. ಫ್ರಾಸ್ಟ್‌ಬರ್ಗಿನಿಂದ ಕೆಳಗೆ ಪ್ರವಾಸಿ ರೈಲೂ ಪಕ್ಕದಲ್ಲೇ ಬರುತ್ತದೆ. ಬ್ರಷ್ ಎಂಬ ಸುರಂಗವನ್ನು ಅದರ ಜೊತೆ ಹಂಚಿಕೊಳ್ಳಬೇಕು. ರೈಲಿನ ಸದ್ದು ಕೇಳಿದರೆ ಹೊರಗೇ ನಿಲ್ಲಿ, ಅದು ಹೋದ ಮೇಲೆ ಒಳಗೆ ಹೋಗಿ.

ವಾಪಸ್ ಬರುವುದು

ಕಂಬರ್ಲೆಂಡಿನಿಂದ ಪಿಟ್ಸ್‌ಬರ್ಗಿಗೆ ಆಮ್‌ಟ್ರಾಕ್ ರೈಲಿದೆ. ಸೈಕಲ್ಲಿಗೂ ಬೇರೆ ಜಾಗ ಕಾದಿರಿಸಬೇಕು, ಇರುವುದು ಕೆಲವೇ. ರೈಲು ಪಿಟ್ಸ್‌ಬರ್ಗ್ ಸೇರುವಾಗ ತಡರಾತ್ರಿ ಆಗಿರುತ್ತದೆ, ಕರೆದೊಯ್ಯಲು ಯಾರಿಗಾದರೂ ಹೇಳಿಡಿ. ಪ್ಲಾಟ್‌ಫಾರ್ಮಿನಲ್ಲಿ ಕ್ಯಾರಿಯರ್ ಚೀಲಗಳನ್ನು ಮೊದಲೇ ಬಿಚ್ಚಿ ಇಟ್ಟುಕೊಳ್ಳಿ. ಲಗೇಜು ಬೋಗಿಯವರಿಗೆ ಸೈಕಲ್ ಎತ್ತಿಕೊಡುವಾಗ ಹಗುರ ಇರುತ್ತದೆ.