ಹೆಸರಿನಲ್ಲಿ 365 ಇದ್ದರೆ ಬಾಡಿಗೆ, ಇಸವಿ ಇದ್ದರೆ ಖರೀದಿ: ನಿಮ್ಮ ಆಫೀಸ್ ಯಾವುದೆಂದು ತಿಳಿದು ವ್ಯವಹರಿಸುವ ಬಗೆ

ವರ್ಡ್ ಮತ್ತು ಎಕ್ಸೆಲ್‌ಗಳನ್ನು ಇಪ್ಪತ್ತು ವರ್ಷ ಬಳಸಿದವರೂ ತಮ್ಮ ಕಂಪ್ಯೂಟರಿನಲ್ಲಿರುವುದು ಯಾವ ಆಫೀಸ್ ಎಂದು ಕೇಳಿದರೆ ತಡವರಿಸುತ್ತಾರೆ. ಅದರಲ್ಲಿ ಅವರ ತಪ್ಪಿಲ್ಲ. 2011ರಲ್ಲಿ ಸಂಸ್ಥೆಗಳಿಗೆಂದು ಆರಂಭವಾದ ಆಫೀಸ್ 365 ಎಂಬ ಚಂದಾ ಸೇವೆ 2013ರಲ್ಲಿ ಮನೆಬಳಕೆಗೂ ಬಂದಿತು. 2020ರ ಏಪ್ರಿಲ್ 21ರಂದು ಮನೆಬಳಕೆಯ ಯೋಜನೆಗಳ ಹೆಸರು ಮೈಕ್ರೋಸಾಫ್ಟ್ 365 ಎಂದಾಯಿತು. 2025ರ ಜನವರಿಯಲ್ಲಿ, ಕಡತಗಳನ್ನೆಲ್ಲ ಒಂದೆಡೆ ತೋರಿಸುವ ಆ್ಯಪ್‌ನ ಹೆಸರಿಗೆ ಕೋಪೈಲಟ್ ಎಂಬ ಪದವೂ, ಅಂದರೆ ಮೈಕ್ರೋಸಾಫ್ಟ್‌ನ ಕೃತಕ ಬುದ್ಧಿಮತ್ತೆಯ ಸಹಾಯಕನ ಹೆಸರೂ, ಅಂಟಿಕೊಂಡಿತು. ಇಷ್ಟಾದರೂ ವರ್ಡ್ ವರ್ಡ್ ಆಗಿಯೇ ಉಳಿದಿದೆ. ಬದಲಾಗಿರುವುದು ಅದರ ಮೇಲೆ ನಿಮಗಿರುವ ಹಕ್ಕು.

ಹಣ ಕಟ್ಟುವ ಅಥವಾ ಚಂದಾ ನಿಲ್ಲಿಸುವ ಮೊದಲು ವರ್ಡ್ ತೆರೆದು, ಫೈಲ್ ಮೆನುವಿನಲ್ಲಿ ಅಕೌಂಟ್ ಎಂಬುದನ್ನು ಒತ್ತಿ. ಅಲ್ಲಿ ಕಾಣುವ ಹೆಸರಿನಲ್ಲಿ 365 ಎಂದಿದ್ದರೆ ನೀವು ಬಾಡಿಗೆದಾರರು. 2021 ಅಥವಾ 2024 ಎಂಬಂತೆ ಇಸವಿ ಇದ್ದರೆ ಒಮ್ಮೆ ಹಣ ಕೊಟ್ಟು ಕೊಂಡವರು. ಅದೇ ಪುಟದಲ್ಲಿರುವ ಇಮೇಲ್ ವಿಳಾಸವನ್ನು ಬರೆದಿಟ್ಟುಕೊಳ್ಳಿ, ಏಕೆಂದರೆ ನಿಮ್ಮ ಪರವಾನಗಿ ಆ ಖಾತೆಗೇ ಸೇರಿರುತ್ತದೆ, ಮತ್ತು ಲ್ಯಾಪ್‌ಟಾಪ್ ಕೊಂಡ ದಿನ ಅಂಗಡಿಯವರೋ ಮನೆಯ ಮಕ್ಕಳೋ ತೆರೆದುಕೊಟ್ಟ ಖಾತೆ ಯಾವುದೆಂಬುದು ಎಷ್ಟೋ ಮನೆಗಳಲ್ಲಿ ಯಾರಿಗೂ ನೆನಪಿರುವುದಿಲ್ಲ.

ಕೊಂಡದ್ದು ಶಾಶ್ವತವೆಂದು ನಿಶ್ಚಿಂತರಾಗಬೇಡಿ. ಆಫೀಸ್ 2016 ಮತ್ತು 2019ಕ್ಕೆ ಭದ್ರತಾ ತಿದ್ದುಪಡಿಗಳು 2025ರ ಅಕ್ಟೋಬರ್ 14ಕ್ಕೆ ಕೊನೆಗೊಂಡವು. ಆಫೀಸ್ 2021ಕ್ಕೆ 2026ರ ಅಕ್ಟೋಬರ್ 13, ಆಫೀಸ್ 2024ಕ್ಕೆ 2029ರ ಅಕ್ಟೋಬರ್ 9 ಕೊನೆಯ ದಿನ. ಅದರ ನಂತರವೂ ತಂತ್ರಾಂಶ ತೆರೆದುಕೊಳ್ಳುತ್ತದೆ, ಆದರೆ ಅಪರಿಚಿತರಿಂದ ಬಂದ ಕಡತಗಳನ್ನು ಅದರಲ್ಲಿ ತೆರೆಯುವುದು ಕ್ಷೇಮವಲ್ಲ.

ಯಾವುದನ್ನು ಆರಿಸಬೇಕೆಂಬುದು ಮನೆಯ ಬಳಕೆಯನ್ನು ಅವಲಂಬಿಸಿದೆ. ಫ್ಯಾಮಿಲಿ ಯೋಜನೆಯನ್ನು ಆರು ಜನರವರೆಗೆ ಹಂಚಿಕೊಳ್ಳಬಹುದು ಮತ್ತು ಪ್ರತಿಯೊಬ್ಬರಿಗೂ ಕಡತಗಳನ್ನು ಅಂತರ್ಜಾಲದಲ್ಲಿ ಇರಿಸುವ ಒನ್‌ಡ್ರೈವ್‌ನಲ್ಲಿ ಒಂದು ಟೆರಾಬೈಟ್ ಜಾಗ ದೊರೆಯುತ್ತದೆ. ನಾಲ್ಕೈದು ಮಂದಿ ನಿಜವಾಗಿಯೂ ಬಳಸುವ ಮನೆಗೆ ಈ ಬಾಡಿಗೆ ದುಬಾರಿಯೆನ್ನಲಾಗದು. ತಿಂಗಳಿಗೊಂದು ಅರ್ಜಿ ಬರೆಯುವವರಿಗೆ ಬ್ರೌಸರಿನಲ್ಲಿ ಉಚಿತವಾಗಿ ಸಿಗುವ ವರ್ಡ್ ಅಥವಾ ಲಿಬ್ರೆಆಫೀಸ್ ಎಂಬ ಉಚಿತ ತಂತ್ರಾಂಶ ಧಾರಾಳವಾಗಿ ಸಾಕು. 2025ರ ಆರಂಭದಲ್ಲಿ ಮನೆಬಳಕೆಯ ಯೋಜನೆಗಳಿಗೆ ಕೋಪೈಲಟ್ ಸೇರಿ ಬೆಲೆ ಏರಿದಾಗ, ಅದಿಲ್ಲದ ಹಳೆಯ ಬೆಲೆಯ ಕ್ಲಾಸಿಕ್ ಯೋಜನೆಯೂ ಅಸ್ತಿತ್ವದಲ್ಲಿದ್ದಿತು; ಆ ಆಯ್ಕೆ ಚಂದಾ ರದ್ದುಪಡಿಸಲು ಹೊರಟವರಿಗಷ್ಟೇ ಕಾಣುತ್ತಿತ್ತೆಂದು ಆಕ್ಷೇಪಿಸಿ ಆಸ್ಟ್ರೇಲಿಯಾದ ಸ್ಪರ್ಧೆ ಮತ್ತು ಗ್ರಾಹಕ ಆಯೋಗ ಅದೇ ವರ್ಷದ ಅಕ್ಟೋಬರಿನಲ್ಲಿ ನ್ಯಾಯಾಲಯಕ್ಕೆ ಹೋಯಿತು. ಬೆಲೆ ಏರಿಕೆಯ ಸೂಚನೆ ಬಂದಾಗ ರದ್ದತಿಯ ಪುಟವನ್ನು ಒಮ್ಮೆ ಕೊನೆಯವರೆಗೂ ಓದಿ ನೋಡುವುದು ಒಳ್ಳೆಯದು.

ಭಾರತದಲ್ಲಿ ಚಂದಾ ಕಟ್ಟುವವರು ಇನ್ನೊಂದು ನಿಯಮವನ್ನು ಅರಿತಿರಬೇಕು. ರಿಸರ್ವ್ ಬ್ಯಾಂಕಿನ ನಿಯಮದಂತೆ ಖಾತೆಯಿಂದ ತಾನಾಗಿಯೇ ಹಣ ಕಡಿತವಾಗುವ ಕನಿಷ್ಠ 24 ಗಂಟೆ ಮೊದಲು ನಿಮಗೆ ಸೂಚನೆ ಬರಬೇಕು, ಆದರೆ ₹15,000ದವರೆಗಿನ ಕಡಿತಕ್ಕೆ ಪ್ರತಿ ಸಲ ಒಟಿಪಿ ಬೇಕಾಗಿಲ್ಲ. ನೂರು ಸಂದೇಶಗಳ ನಡುವೆ ಆ ಒಂದು ಎಸ್‌ಎಂಎಸ್ ಕಣ್ತಪ್ಪಿದರೆ ಮತ್ತೊಂದು ವರ್ಷದ ಹಣ ಹೋದಂತೆಯೇ. ಆದ್ದರಿಂದ ಚಂದಾ ಕೊಂಡ ದಿನವೇ ಮೈಕ್ರೋಸಾಫ್ಟ್ ಖಾತೆಯ ಚಂದಾ ಪುಟಕ್ಕೆ ಹೋಗಿ ರಿಕರಿಂಗ್ ಬಿಲ್ಲಿಂಗ್ (ತಾನಾಗಿಯೇ ಆಗುವ ನವೀಕರಣ) ಅನ್ನು ಆಫ್ ಮಾಡಿಬಿಡಿ. ಇದರಿಂದ ಉಳಿದ ಅವಧಿಗೆ ಯಾವ ಕುಂದೂ ಬರುವುದಿಲ್ಲ. ಮುಂದಿನ ವರ್ಷ ಬೇಕೋ ಬೇಡವೋ ಎಂಬ ತೀರ್ಮಾನ ನಿಮ್ಮ ಕೈಯಲ್ಲಿ ಉಳಿಯುತ್ತದೆ.

ಚಂದಾ ಮುಗಿದ ಮೇಲೆ ಕಂಪ್ಯೂಟರಿನ ವರ್ಡ್‌ನಲ್ಲಿ ಕಡತವನ್ನು ಓದಬಹುದು, ಮುದ್ರಿಸಬಹುದು, ಆದರೆ ತಿದ್ದಲಾಗದು. ಹೆಚ್ಚು ಎಚ್ಚರ ಬೇಕಾಗುವುದು ಒನ್‌ಡ್ರೈವ್ ವಿಷಯದಲ್ಲಿ. ಅಲ್ಲಿ ಉಚಿತ ಮಿತಿ 5 ಗಿಗಾಬೈಟ್ ಮಾತ್ರ. ಅದನ್ನು ಮೀರಿದ ಖಾತೆಗೆ ಹೊಸ ಕಡತ ಸೇರಿಸಲಾಗುವುದಿಲ್ಲ, ಆ ಸ್ಥಿತಿ ಆರು ತಿಂಗಳು ದಾಟಿದರೆ ಇದ್ದವೂ ಅಳಿಸಿಹೋಗಬಹುದು. ವಿಂಡೋಸ್‌ನಲ್ಲಿ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರುಗಳೇ ಒನ್‌ಡ್ರೈವ್‌ಗೆ ಜೋಡಿಸಲ್ಪಟ್ಟಿರುವುದುಂಟು, ಹಾಗಾಗಿ ಕಣ್ಣೆದುರಿಗಿರುವ ಕಡತ ತಮ್ಮ ಯಂತ್ರದಲ್ಲಿಯೇ ಇದೆಯೆಂದು ಬಹಳ ಜನ ನಂಬಿರುತ್ತಾರೆ. ಕಡತದ ಪಕ್ಕದಲ್ಲಿ ಮೋಡದ ಚಿತ್ರವಿದ್ದರೆ ಅದು ಇಲ್ಲಿಲ್ಲ. ಅಂಥ ಫೋಲ್ಡರಿನ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, ಈ ಸಾಧನದಲ್ಲಿ ಸದಾ ಇರಿಸು ಎಂಬರ್ಥದ ಆಯ್ಕೆಯನ್ನು ಕೊಟ್ಟು, ಎಲ್ಲವೂ ಇಳಿದ ಮೇಲೆ ಹೊರಗಿನ ಹಾರ್ಡ್‌ಡಿಸ್ಕ್‌ಗೆ ನಕಲು ಮಾಡಿ. ಚಂದಾ ಮುಗಿಯುವ ಹಿಂದಿನ ದಿನಕ್ಕೆ ಇದನ್ನು ಇಟ್ಟುಕೊಳ್ಳಬೇಡಿ. ಮನೆಯ ಇಂಟರ್‌ನೆಟ್‌ನಲ್ಲಿ ನೂರಾರು ಗಿಗಾಬೈಟ್ ಇಳಿಯಲು ದಿನಗಳೇ ಬೇಕಾಗಬಹುದು.

ಕನ್ನಡದಲ್ಲಿ ಬರೆಯುವವರಿಗೆ ಇನ್ನೊಂದು ಕೆಲಸ ಬಾಕಿ ಇರುತ್ತದೆ. ನುಡಿ ಅಥವಾ ಬರಹ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಬೆರಳಚ್ಚಾದ ಕಡತವನ್ನು ಆ ಫಾಂಟು ಇಲ್ಲದ ಬ್ರೌಸರಿನಲ್ಲಿಯೋ ಬೇರೆ ತಂತ್ರಾಂಶದಲ್ಲಿಯೋ ತೆರೆದರೆ ಕನ್ನಡದ ಬದಲು ರೋಮನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಏಕೆಂದರೆ ಅವುಗಳಲ್ಲಿ ಕನ್ನಡವು ರೋಮನ್ ಅಕ್ಷರಗಳ ಸ್ಥಾನದಲ್ಲಿಯೇ ಕುಳಿತಿರುತ್ತದೆ. ತಾಲ್ಲೂಕಿನ ಇತಿಹಾಸ, ಸಂಘದ ನಡಾವಳಿ, ತಂದೆಯವರ ಲೇಖನ ಹೀಗೆ ಎಷ್ಟೋ ಬರಹಗಳು ಇಂದಿಗೂ ಆ ರೂಪದಲ್ಲಿವೆ. ಹಳೆಯ ಆಫೀಸ್ ಇನ್ನೂ ತೆರೆಯುತ್ತಿರುವಾಗಲೇ ಅವುಗಳ ಪಿಡಿಎಫ್ ಪ್ರತಿ ತೆಗೆದಿಡಿ, ನಂತರ ಪರಿವರ್ತಕ ತಂತ್ರಾಂಶದ ಮೂಲಕ, ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಯೂನಿಕೋಡ್‌ಗೆ ತಂದು, ವಿಂಡೋಸ್‌ನಲ್ಲಿಯೇ ಇರುವ ನಿರ್ಮಲಾ ಯುಐ ಫಾಂಟಿನಲ್ಲಿ ಉಳಿಸಿ. ಪರಿವರ್ತನೆಯಲ್ಲಿ ಒತ್ತಕ್ಷರ, ಅರ್ಕಾವತ್ತು ಮತ್ತು ಅಂಕಿಗಳು ತಪ್ಪುವ ಸಂಭವವಿರುವುದರಿಂದ ಪಿಡಿಎಫ್ ಅನ್ನು ಪಕ್ಕದಲ್ಲಿಟ್ಟುಕೊಂಡು ಸಾಲುಸಾಲಾಗಿ ಹೋಲಿಸಿ, ಮೂಲ ಕಡತವನ್ನು ಅಳಿಸದೆ ಪ್ರತ್ಯೇಕ ಫೋಲ್ಡರಿನಲ್ಲಿ ಇಡಿ.